ಅಕ್ಕನಿಗೂ ಒಂದು ಔಷಧಿ

"ಸ... ಸ..." ಎಂದು ಬೀಗದಕೈ ಅಂಗಡಿಯಲ್ಲಿ ಗಿರಾಕಿಯ ಮುಂದೆ ತಮ್ಮ ತಡವರಿಸಿದ. ಪಕ್ಕದಲ್ಲೇ ಕೂತಿದ್ದ ಅಕ್ಕನಿಗೆ ನಾಲಿಗೆ ತುರಿಸಿತು. ತುಟಿ ಕಚ್ಚಿಕೊಂಡಳು.

"ಸಂಜೆ ಬನ್ನಿ, ಬೀಗದಕೈ ರೆಡಿ ಇರುತ್ತೆ" ಎಂದು ಅವನೇ ಮುಗಿಸಿದ. ಗಿರಾಕಿ ತಲೆಯಾಡಿಸಿ ಹೋದ. ಆಕಾಶವೇನೂ ಕಳಚಿ ಬೀಳಲಿಲ್ಲ.

ತಮ್ಮನನ್ನು ಮಾತಿನ ಡಾಕ್ಟರ ಹತ್ತಿರ ಕರೆದೊಯ್ದವಳೂ ಅಕ್ಕನೇ. ಅಲ್ಲೂ ಅವನನ್ನು ಕೇಳಿದ ಪ್ರಶ್ನೆಗೆಲ್ಲ ತಾನೇ ಪಟಪಟನೆ ಉತ್ತರ ಕೊಟ್ಟಿದ್ದಳು. ಡಾಕ್ಟರಮ್ಮ ನಕ್ಕುಬಿಟ್ಟಿದ್ದರು.

"ಉಗ್ಗು ಹೆದರಿಕೆಯಿಂದ ಬಂದಿದ್ದಲ್ಲಮ್ಮ, ನಾಲಿಗೆ ದಪ್ಪ ಅಂತಾನೂ ಅಲ್ಲ. ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಮೆತ್ತಗೆ ಶುರು ಮಾಡೋದು ಹೇಳಿಕೊಡ್ತೀನಿ. ಸಿಕ್ಕಿಹಾಕ್ಕೊಂಡ್ರೂ ಪರವಾಗಿಲ್ಲ, ಸುಲಭದ ಪದ ಹುಡುಕ್ಕೊಂಡು ಓಡಬಾರದು, ಅಷ್ಟೆ. ನಿಮಗೂ ಒಂದು ಔಷಧಿ ಇದೆ. ಬಾಯಿ ಮುಚ್ಕೊಂಡು ಕಾಯೋದು."

ಅಕ್ಕನ ಪಾಲಿಗೆ ಅದು ಬಲು ಕಹಿ ಔಷಧಿ. ಶಾಲೆಯಲ್ಲಿ ತಮ್ಮನ ಹಾಜರಿಯನ್ನೂ ಪಕ್ಕದ ಕೋಣೆಯಿಂದ ಕೂಗಿ ಹೇಳಿದವಳು ಅವಳು. ಈಗ ಎದುರಂಗಡಿಯಲ್ಲಿ ಗಾಜು ಕತ್ತರಿಸುವ ಹುಡುಗಿಯ ಮೇಲೆ ಅವನಿಗೆ ಮನಸ್ಸಾಗಿತ್ತು. ಅವಳಿಗೆ ಬೇರೆ ಕಡೆ ಸಂಬಂಧ ನಿಶ್ಚಯವಾಗುವುದರಲ್ಲಿದೆ ಎಂಬ ಸುದ್ದಿ ಅಕ್ಕನ ಕಿವಿಗೆ ಬಿದ್ದಿತ್ತು.

"ನಾನೇ ಹೋಗಿ ಕೇಳಿಬಿಡ್ತೀನಿ ಕಣೋ" ಎಂದಳು.

"ಬೇ... ಬೇಡಕ್ಕ. ನಾನೇ ಕೇಳ್ತೀನಿ."

ಅಷ್ಟರಲ್ಲಿ ಆ ಹುಡುಗಿಯೇ ಕಪಾಟಿನ ಬೀಗವೊಂದನ್ನು ಹಿಡಿದು ರಸ್ತೆ ದಾಟಿ ಬಂದಳು. "ಇದು ತೆಗೆಯೋಕೇ ಬರ್ತಿಲ್ಲ, ನೋಡ್ತೀರಾ?"

ತಮ್ಮ, ಬೀಗದಕೈ ಉಜ್ಜುವ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡ. ಬೀಗದ ಕಡೆ ನೋಡಲೇ ಇಲ್ಲ.

"ನಿ... ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ನನ್ನನ್ನ ಮ... ಮ..."

ಅಲ್ಲಿಗೆ ನಿಂತಿತು. 'ಮ' ಅವನ ಹಳೆಯ ಶತ್ರು. 'ಲಗ್ನ' ಎಂದಿದ್ದರೆ ಸಲೀಸಾಗಿ ಬರುತ್ತಿತ್ತು. ಅಕ್ಕನಿಗೂ ಅದು ಗೊತ್ತು, ಅವನಿಗೂ ಗೊತ್ತು. ಅವನ ರೆಪ್ಪೆ ಅದುರಿತು, ಗಂಟಲ ನರ ಉಬ್ಬಿತು. ಅಕ್ಕ ಕೈಗೆ ಸಿಕ್ಕ ಬೀಗದಕೈಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

ಅವನು ಉಸಿರು ಬಿಟ್ಟ. ಮೆತ್ತಗೆ ಮತ್ತೆ ಮೊದಲಿನಿಂದ ಶುರು ಮಾಡಿದ.

"ನನ್ನನ್ನ ಮ... ಮ... ಮದುವೆ ಆಗ್ತೀರಾ?"

ಹುಡುಗಿ ಕೌಂಟರಿನ ಮೇಲೆ ಮೊಣಕೈ ಊರಿದಳು. ಅಲ್ಲಿಯತನಕವೂ ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಇನ್ನೊಂದ್ಸಲ ಹೇಳಿ."

ಅಕ್ಕನ ಬಾಯಿಂದ ಬೀಗದಕೈ ಟಣ್ಣನೆ ಬಿತ್ತು. "ಅಷ್ಟು ಚೆನ್ನಾಗಿ ಹೇಳಿದ್ನಲ್ಲೇ ಹುಡುಗಿ! ಕೇಳಿಸ್ಲಿಲ್ವಾ?"

"ಕೇಳಿಸ್ತು ಅಕ್ಕಾ. ಕೇಳೋಕೆ ಖುಷಿಯಾಯ್ತು, ಅದಕ್ಕೇ" ಎಂದಳು ಅವಳು, ಅವನಿಂದ ಕಣ್ಣು ಕೀಳದೆ. "ನಿಧಾನಕ್ಕೆ ಹೇಳ್ಲಿ, ನಂಗೇನೂ ಅವಸರ ಇಲ್ಲ."

ತಮ್ಮ ಕಿವಿಯವರೆಗೂ ಕೆಂಪಾಗಿ ನಕ್ಕ. ಅಕ್ಕ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಸಂತೋಷಕ್ಕೆ ಅವಳ ಕಣ್ಣು ತುಂಬಿತ್ತು. ಒಳಗೆ "ಮ... ಮ..." ಮತ್ತೆ ಶುರುವಾಯಿತು.

ಗಿರಾಕಿಯೊಬ್ಬ ಬಂದು ಮೆಟ್ಟಿಲು ಹತ್ತಲು ಹೋದ. ಅಕ್ಕ ಕೈ ಅಡ್ಡ ಹಿಡಿದಳು.

"ಸ್ವಲ್ಪ ಕಾಯಿರಿ" ಎಂದಳು. "ನನ್ನ ತಮ್ಮ ಮಾತಾಡ್ತಿದ್ದಾನೆ."