ಬಿಲ್ಲಿನ ಹಿಂದಿನ ವಿಳಾಸ

ಹೆಗಲಿಗೆ ಏರಿಸಿದ್ದ ಚಟ್ಟವನ್ನು ನಾಲ್ವರೂ ಮತ್ತೆ ನೆಲಕ್ಕೆ ಇಳಿಸಬೇಕಾಯಿತು. ಸತ್ತವನ ಹೆಂಡತಿ ಲತಾಮಣಿ ಗೇಟಿಗೆ ಅಡ್ಡಲಾಗಿ ನಿಂತುಬಿಟ್ಟಿದ್ದಳು.

“ಇಳ್ಸಿ ಭಾವ. ಅವಳು ಬರೋಗಂಟ ಇವರನ್ನ ತಗಂಡೋಗಂಗಿಲ್ಲ.”

ಹುಚ್ಚಣ್ಣ ಸತ್ತವನ ಅಣ್ಣ. ಅರವತ್ತೆರಡರ ವಯಸ್ಸಿನಲ್ಲಿ ತಮ್ಮನಿಗೆ ಹೆಗಲು ಕೊಡುವ ಗತಿ ಬಂತಲ್ಲ ಎಂದು ಬೆಳಗಿನಿಂದ ಗೊಣಗುತ್ತಿದ್ದವನು, ಈಗ ಹೆಗಲ ಟವಲಿನಿಂದ ಮುಖ ಒರೆಸಿಕೊಂಡ.

“ಇನ್ಯಾರವ್ವ ಬರ್ಬೇಕು? ಮಗಳು ಬಂದವ್ಳೆ, ಹಾಸನದೋರು ಬಂದವ್ರೆ.”

“ಆ ಹಾಡೋಳು. ವಿಮಲಾಕ್ಷಿ. ನಾಕು ವರ್ಷದಿಂದ ಇವರಿಗೆ ಬರೀತಾ ಇದ್ಲಲ್ಲ, ಅವಳ ಮುಖ ನಾನು ನೋಡ್ಬೇಕು. ಆಮೇಲೆ ಎಲ್ಲಿಗಾದ್ರೂ ತಗಂಡೋಗಿ.”

ಬೇಲೂರಿನ ಅಂಬೇಡ್ಕರ್ ನಗರದ ಆ ಪುಟ್ಟ ಅಂಗಳದಲ್ಲಿ ಐವತ್ತು ಜನ ಇದ್ದರು. ಲತಾಮಣಿ ನಿನ್ನೆಯಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅಳದ ಹೆಂಗಸಿಗೆ ಎದುರಾಡುವ ಧೈರ್ಯ ಯಾರಿಗೂ ಬರುವುದಿಲ್ಲ.

ಲೈನ್‌ಮ್ಯಾನ್ ಇಂದ್ರೇಶ್ ಮುಂದೆ ಬಂದ. ಇಪ್ಪತ್ತು ವರ್ಷ ದೇವರಾಜನ ಜೊತೆ ಒಂದೇ ಆಫೀಸಿನಲ್ಲಿ ಕೆಲಸ ಮಾಡಿದವನು. “ನಾನು ನಿನ್ನೆ ಸಂಜೆನೇ ಸೈಬರಿಗೆ ಹೋಗಿ ಅಣ್ಣನ ವೆಬ್‌ಸೈಟಲ್ಲಿ ಹಾಕಿದೀನಿ ಅಕ್ಕ. ದೇವರಾಜಣ್ಣ ಹೋಗ್ಬಿಟ್ರು, ನಾಳೆ ಮಧ್ಯಾಹ್ನ ಮಣ್ಣು ಅಂತ. ನೋಡಿದ್ರೆ ಬಂದೇ ಬರ್ತಾರೆ. ಅಷ್ಟು ವಿಶ್ವಾಸ ಇಟ್ಟಿದ್ದೋರು.”

“ವಿಶ್ವಾಸ!” ಎಂದಳು ಲತಾಮಣಿ.

ಹುಚ್ಚಣ್ಣ ನೆತ್ತಿಯ ಮೇಲಿನ ಸೂರ್ಯನನ್ನು ನೋಡಿದ. “ಮೂರು ಗಂಟೆಗಂಟ ಕಾಯಾಣ. ಮಾರ್ಚಿ ಬಿಸಿಲು ಕಣವ್ವ, ಹೆಣ ತಡೆಯಾಕಿಲ್ಲ.”

ಚಟ್ಟದ ತಲೆಯ ಕಡೆ ಹುಚ್ಚಣ್ಣ ತಂದ ಕರ್ಪೂರವೂ ಬೌದ್ಧ ಸಂಘದವರು ತಂದ ಮೇಣದ ಬತ್ತಿಯೂ ಅಕ್ಕಪಕ್ಕದಲ್ಲೇ ಉರಿಯುತ್ತಿದ್ದವು. ಅದರ ಹತ್ತಿರ ಕೂತಿದ್ದ ಮಗಳು ಮಾಲಿನಿ ತಲೆ ಎತ್ತಲಿಲ್ಲ. ವಿಮಲಾಕ್ಷಿ ಮೂರಕ್ಕಲ್ಲ, ಯಾವ ಗಂಟೆಗೂ ಬರುವುದಿಲ್ಲವೆಂದು ಆ ಅಂಗಳದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ನಾಲ್ಕು ವರ್ಷ ಆ ಹೆಸರಿನಲ್ಲಿ ಬರೆದವಳು ಅವಳೇ. ಈಗ ಬಾಯಿ ಬಿಟ್ಟರೆ ಅಮ್ಮ ಏನಾಗುತ್ತಾಳೋ, ಬಿಡದಿದ್ದರೆ ಅಪ್ಪ ಇಲ್ಲೇ ಬಿಸಿಲಿನಲ್ಲಿ ಮಲಗಿರಬೇಕು.

*

ದೇವರಾಜ ಮೀಟರ್ ರೀಡರ್ ಆಗಿದ್ದ. ಇಪ್ಪತ್ತೇಳು ವರ್ಷ ಜನರ ಜಗಲಿ ಹತ್ತಿ, ಕತ್ತೆತ್ತಿ ಮೀಟರ್ ನೋಡಿ, ಬರೆದುಕೊಂಡು ಇಳಿದ. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದ ಒಂದೇ ಹುಚ್ಚು ರೇಡಿಯೊ, ಅದರಲ್ಲೂ ವಿಮಲಾಕ್ಷಿ. ಎಪ್ಪತ್ತರ ದಶಕದಲ್ಲಿ ಒಂಬತ್ತು ಭಾವಗೀತೆ ಹಾಡಿ ಸುಮ್ಮನಾಗಿಬಿಟ್ಟ ಗಾಯಕಿ. ಒಂಬತ್ತರಲ್ಲಿ ನಾಲ್ಕು ಅವನ ಕ್ಯಾಸೆಟ್ಟಿನಲ್ಲಿದ್ದವು. ಒಂದರ ಮಧ್ಯೆ ಮನೆಯ ಕುಕ್ಕರ್ ಕೂಗಿದ್ದೂ ರೆಕಾರ್ಡಾಗಿತ್ತು. “ಇಂಥಾ ಕಂಠ ಜನಕ್ಕೆ ಗೊತ್ತೇ ಇಲ್ವಲ್ಲೋ” ಎಂದು ಇಂದ್ರೇಶನ ಹತ್ತಿರ ಪೇಚಾಡುತ್ತಿದ್ದ.

ಎರಡು ಸಾವಿರದ ಮೂರರಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಸೈಬರ್ ಕೆಫೆ ಬಂತು. ಪುಕ್ಕಟೆ ಜಾಗ ಕೊಡುವ ಯಾವುದೋ ಕಂಪನಿ ಇದೆಯೆಂದು ಗೊತ್ತಾದದ್ದೇ ತಡ, ಎರಡು ತಿಂಗಳ ಭಾನುವಾರಗಳನ್ನೆಲ್ಲ ಅಲ್ಲೇ ಕಳೆದು ಆಕೆಗೊಂದು ವೆಬ್‌ಸೈಟ್ ಮಾಡಿದ. ವಾರಪತ್ರಿಕೆಯಿಂದ ಕತ್ತರಿಸಿದ ಫೋಟೊ, ಕೇಳಿ ಕೇಳಿ ಬರೆದುಕೊಂಡ ಹಾಡುಗಳು, ಕೆಳಗೆ ಸಂದರ್ಶಕರ ಪುಸ್ತಕ, ಬಂದವರ ಸಂಖ್ಯೆ ತೋರಿಸುವ ಮೀಟರು. ಮೂರು ತಿಂಗಳಾದ ಮೇಲೆ ಮೀಟರಿನಲ್ಲಿ ನಲವತ್ತೊಂದು ಇತ್ತು. ಅದರಲ್ಲಿ ಮೂವತ್ತೆಂಟು ಸಲ ಅವನೇ ಹೋಗಿದ್ದ.

ಜನಕ್ಕೆ ತಿಳಿಸಬೇಕಲ್ಲ. ಹಳೇಬೀಡಿನ ದೇವಸ್ಥಾನದ ಗೇಟಿನಲ್ಲಿ ನಿಂತು ಪ್ರವಾಸಿಗಳಿಗೆ ಚೀಟಿ ಹಂಚಿದ. ಹೊಸ ಗೈಡು ಬಂದನೆಂದು ಅಲ್ಲಿನ ಗೈಡುಗಳು ಕಾಲರ್ ಹಿಡಿದರು. ಹಾರನಹಳ್ಳಿ ಟೆಂಪೊಗಳ ಹಿಂದೆ ಅಂಟಿಸಿದ ಕಾಗದ ಧೂಳಿಗೆ ಒಂದೇ ದಿನ ಬಾಳಿತು. ಕೊನೆಗೆ ಅರಸೀಕೆರೆಗೆ ಹೋಗಿ ಒಂದು ರಬ್ಬರ್ ಮೊಹರು ಮಾಡಿಸಿಕೊಂಡು ಬಂದ. ಮೇಲೆ ವೆಬ್‌ಸೈಟಿನ ವಿಳಾಸ, ಕೆಳಗೆ “ಒಮ್ಮೆ ಭೇಟಿ ಕೊಡಿ, ನಿಮ್ಮ ಅಭಿಪ್ರಾಯ ಬರೆಯಿರಿ.” ಅವತ್ತಿನಿಂದ ಪ್ರತಿ ಮನೆಯ ಕರೆಂಟ್ ಬಿಲ್ಲಿನ ಹಿಂದೆ ನೇರಳೆ ಬಣ್ಣದ ಮುದ್ರೆ ಬಿತ್ತು.

ಜನ ಭೇಟಿ ಕೊಟ್ಟರು. ಅಭಿಪ್ರಾಯವನ್ನೂ ಬರೆದರು. “ನಮ್ಮ ಬೀದಿ ಟ್ರಾನ್ಸ್‌ಫಾರ್ಮರ್ ಸುಟ್ಟು ಆರು ದಿನ ಆಯಿತು, ಕೇಳುವವರಿಲ್ಲ.” “ಕಂಬ ವಾಲಿದೆ, ಎಮ್ಮೆ ಓಡಾಡುವ ಜಾಗ.” “ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟ್ ಕೊಟ್ಟರೆ ನಾವು ಮಲಗುವುದು ಯಾವಾಗ ಸ್ವಾಮಿ? ಫೋಟೊದಲ್ಲಿರುವ ಮೇಡಂ ಉತ್ತರ ಕೊಡಬೇಕು.” ಬಿಲ್ಲಿನ ಹಿಂದಿದ್ದ ವಿಳಾಸ ಆಫೀಸಿನದೇ ಎಂದು ಎಲ್ಲರೂ ತಿಳಿದುಕೊಂಡಿದ್ದರು. ಹಾಡಿನ ಸುದ್ದಿ ಒಬ್ಬನೂ ಎತ್ತಲಿಲ್ಲ.

ದೇವರಾಜ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಎಲ್ಲ ದೂರುಗಳನ್ನೂ ಪಟ್ಟಿ ಮಾಡಿ ಇಂದ್ರೇಶನ ಕೈಗೆ ಕೊಟ್ಟ. ಕಂಬ ನೆಟ್ಟಗಾದ ಮೇಲೆ ಪುಸ್ತಕದಲ್ಲಿ ಉತ್ತರ ಬರೆದ: “ಸರಿಪಡಿಸಲಾಗಿದೆ. ಬಿಡುವಿದ್ದಾಗ ಐದನೆಯ ಹಾಡನ್ನು ಓದಿ.” ಸಂಖ್ಯೆ ಸಾವಿರ ದಾಟಿತು. ಸಾಹೇಬರು ಮೆಮೊ ಕೊಟ್ಟು ಮೊಹರು ಕಿತ್ತುಕೊಂಡರು. ಆದರೆ ಅಷ್ಟರಲ್ಲಿ ವಿಳಾಸ ಊರೂರಿಗೆ ಗೊತ್ತಾಗಿತ್ತು. ಆಮೇಲೂ ದೂರುಗಳು ಬರುತ್ತಲೇ ಇದ್ದವು. ಅವನು ಉತ್ತರಿಸುತ್ತಲೇ ಇದ್ದ.

*

ಎರಡೂವರೆಯ ಹೊತ್ತಿಗೆ ಹಳೇಬೀಡು ಬಸ್ಸು ಇಳಿದು ಹೆಂಗಸೊಬ್ಬರು ಅಂಬೇಡ್ಕರ್ ನಗರದ ರಸ್ತೆಗೆ ತಿರುಗಿದರು. ವಯಸ್ಸು ಎಪ್ಪತ್ತರ ಹತ್ತಿರ, ಮಡಿಕೆ ಬಿಚ್ಚಿ ಉಟ್ಟ ರೇಷ್ಮೆ ಸೀರೆ, ಕೈಯಲ್ಲಿ ಸೇವಂತಿಗೆ ಹಾರ. “ದೇವರಾಜಪ್ಪೋರ ಮನೆ ಇದೇಯಾ?” ಎಂದು ಕೇಳಿದ್ದು ಗೇಟಿನವರೆಗೂ ಕೇಳಿಸಿತು.

“ಬಂದ್ರು ಕಣ್ರಪ್ಪ!” ಎಂದ ಹುಚ್ಚಣ್ಣ. ಕೂತವರೆಲ್ಲ ಎದ್ದು ನಿಂತರು. ಇಂದ್ರೇಶ್ ಓಡಿಹೋಗಿ ಒಂದು ಕುರ್ಚಿ ತಂದ. ಒಂದು ಗಳಿಗೆ ಮಾಲಿನಿಗೂ, ನಿಜವಾಗಿಯೂ ಬಂದೇಬಿಟ್ಟರೇನೋ ಅನ್ನಿಸಿತು.

ಲತಾಮಣಿ ಎದುರಿಗೆ ಹೋಗಿ ನಿಂತು, ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನೀವೇನಾ?”

“ನಾನು ವೆಂಕಟಲಕ್ಷ್ಮಮ್ಮ ಕಣವ್ವ, ಮಾದಿಹಳ್ಳಿಯೋಳು. ನಮ್ಮನೆ ಜಗಲಿ ಮ್ಯಾಲೇ ನಿನ್ನ ಗಂಡ...”

ಎದ್ದವರು ಒಬ್ಬೊಬ್ಬರಾಗಿ ಕೂತರು. ತಂದ ಕುರ್ಚಿ ಹಾಗೇ ಇತ್ತು. ವೆಂಕಟಲಕ್ಷ್ಮಮ್ಮ ಅದರ ಮೇಲೆ ಕೂರಲಿಲ್ಲ, ಹಾರ ಹಾಕಿ ಚಟ್ಟದ ಪಕ್ಕದಲ್ಲೇ ನೆಲಕ್ಕೆ ಕೂತರು.

“ಹೋದೊರ್ಸ ನಮ್ಮ ಟ್ರಾನ್ಸ್‌ಫಾರಂ ಹಾಕ್ಸಿಕೊಟ್ಟ ಪುಣ್ಯಾತ್ಮ. ಕಂಪ್ಯೂಟರ್‌ನಾಗೆ ಬರೆಸಿದ್ದಕ್ಕೇ ಹಾಕ್ಸಿದ್ದು. ನಿನ್ನೆ ಮೀಟರ್ ನೋಡಾಕೆ ಬಂದೋರು ಕೂತ್ಕಂಡ್ಬುಟ್ರು. ನೀರು ಕೊಟ್ಟೆ. ಎದೆ ಹಿಡ್ಕಂತಾ ಐತೆ, ಬೆಳಿಗ್ಗೆಯಿಂದ ಹಂಗೇ ಐತೆ ಅಂದ್ರು. ಮನೇಲಿ ಹೇಳ್ಬಾರ್ದೇನಪ್ಪಾ ಅಂದೆ. ಹೇಳ್ದೆ ಕಣಮ್ಮ ಅಂದು ನಕ್ಕರು. ಆಮ್ಯಾಕೆ ಗೋಡೆಗೆ ಒರಗಿದೋರು ಏಳಲೇ ಇಲ್ಲ.”

ಲತಾಮಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಗೇಟಿನ ಹತ್ತಿರಕ್ಕೆ ವಾಪಸು ಹೋದಳು. ರಸ್ತೆಯ ಕಡೆಗೇ ಮುಖ ಮಾಡಿ ನಿಂತಳು.

*

ಮಾಲಿನಿಗೆ ಅರಸೀಕೆರೆಯ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಆ ಗಾಯಕಿಯನ್ನು ಹುಡುಕಿಕೊಡು ಎಂಬ ಅಪ್ಪನ ಕಾಟ ತಾಳಲಾರದೆ ಎರಡು ಸಾವಿರದ ಐದರಲ್ಲಿ ರೇಡಿಯೊದ ನಿವೃತ್ತ ನೌಕರರೊಬ್ಬರಿಗೆ ಪತ್ರ ಬರೆದು ವಿಮಲಾಕ್ಷಿಯವರ ವಿಳಾಸ ಕೇಳಿದ್ದಳು. ಕಾರ್ಡಿನಲ್ಲಿ ಎರಡು ಸಾಲಿನ ಉತ್ತರ ಬಂತು. ಆಕೆ ತೊಂಬತ್ತೆಂಟರಲ್ಲೇ ತೀರಿಕೊಂಡಿದ್ದರು. ವೆಬ್‌ಸೈಟ್ ಶುರುವಾಗುವುದಕ್ಕೆ ಐದು ವರ್ಷ ಮೊದಲು.

ಅದನ್ನು ಹೇಳಲೆಂದೇ ಶನಿವಾರ ಬೇಲೂರಿಗೆ ಬಂದಳು. ಅಪ್ಪ ಆಗತಾನೇ ಸೈಬರಿನಿಂದ ಬಂದಿದ್ದ. “ಇವತ್ತು ಹನ್ನೊಂದು ಕಂಪ್ಲೇಂಟು ಬಂದಿತ್ತು ಕಣೇ. ಹಾಡಿನ ವಿಷ್ಯ ಒಂದೂ ಇಲ್ಲ” ಎಂದು ನಗುವುದಕ್ಕೆ ನೋಡಿದ. ನಗು ಬರಲಿಲ್ಲ. ಮಾಲಿನಿ ಹೇಳದೆಯೇ ವಾಪಸು ಹೋದಳು. ಸೋಮವಾರ ಅರಸೀಕೆರೆಯ ಸೈಬರಿನಲ್ಲಿ ಕೂತು, ಅಪ್ಪನ ಸಂದರ್ಶಕರ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿದಳು: “ನಿಮ್ಮ ಪುಟ ನೋಡಿ ಕಣ್ಣು ತುಂಬಿತು. ನನ್ನನ್ನು ನೆನೆಯುವವರು ಇದ್ದಾರೆಂದು ಗೊತ್ತಿರಲಿಲ್ಲ. ಮನೆಯವರಿಗೂ ನಮಸ್ಕಾರ ತಿಳಿಸಿ. ವಿಮಲಾಕ್ಷಿ.”

ಒಂದೇ ಒಂದು ಸಲ ಎಂದುಕೊಂಡಿದ್ದಳು. ಆದರೆ ಅಪ್ಪ ಅದನ್ನು ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಆಫೀಸಿಗೆಲ್ಲ ಮೈಸೂರುಪಾಕು ಹಂಚಿದ. ತಿಂಗಳು ಸುಮ್ಮನಿದ್ದರೆ “ಆಯಮ್ಮಂಗೆ ಹುಷಾರಿಲ್ವೇನೋ” ಎಂದು ಮಗಳಿಗೇ ಫೋನ್ ಮಾಡುತ್ತಿದ್ದ. ಅವಳು ಮತ್ತೆ ಬರೆಯುತ್ತಿದ್ದಳು. ಬಂದದ್ದನ್ನೆಲ್ಲ ಅವನು ಊಟದ ಹೊತ್ತಿನಲ್ಲಿ ಹೆಂಡತಿಗೆ ಓದಿ ಹೇಳುತ್ತಿದ್ದ. ತಲೆಗೆ ಬಣ್ಣ ಹಾಕಲು ಶುರುಮಾಡಿದ. ಲತಾಮಣಿ ಮೊದಮೊದಲು ರೇಗಿಸಿದಳು, ಆಮೇಲೆ ಜಗಳವಾಡಿದಳು, ಕೊನೆಗೆ ಮಾತು ನಿಲ್ಲಿಸಿದಳು. ಪ್ರತಿ ಪತ್ರದ ಕೊನೆಗೂ ತನಗೊಂದು ನಮಸ್ಕಾರ ಬರುತ್ತಿದ್ದದ್ದು ಅವಳಿಗೆ ಮೈ ಉರಿಯುವಂತೆ ಮಾಡುತ್ತಿತ್ತು. “ಬಿಡಮ್ಮ, ಮುದುಕಿ” ಎಂದು ಮಾಲಿನಿ ಫೋನಿನಲ್ಲಿ ನಗುತ್ತಿದ್ದಳು. ಅಮ್ಮನ ಸಿಟ್ಟು ಅವಳಿಗೆ ತಮಾಷೆಯಾಗಿಯೇ ಕಂಡಿತ್ತು.

ಅಪ್ಪ ವಿಮಲಾಕ್ಷಿಯನ್ನು ಬೇಲೂರಿಗೆ ಕರೆದೂ ಕರೆದೂ ಮಾಲಿನಿಗೆ ಸಾಕಾಗಿ, ಹತ್ತು ದಿನದ ಕೆಳಗೆ “ಏಪ್ರಿಲ್‌ನಲ್ಲಿ ಬರುತ್ತೇನೆ” ಎಂದು ಬರೆದಿದ್ದಳು. ಏಪ್ರಿಲ್ ಹೊತ್ತಿಗೆ ಕಾಯಿಲೆ ಎಂದು ಏನಾದರೂ ಬರೆದು ವಿಮಲಾಕ್ಷಿಯ ಕತೆ ಮುಗಿಸಿಬಿಡುವ ಯೋಚನೆ ಅವಳದು.

*

ಮೂರು ಗಂಟೆಯಾಯಿತು. ಹುಚ್ಚಣ್ಣ ಟವಲು ಕೊಡವಿ ಎದ್ದ. “ಆಯ್ತಲ್ಲವ್ವ. ಬರಾಕಿಲ್ಲ ಅವರು. ಎತ್ರಪ್ಪ.”

“ಮುಟ್ಟಿದ್ರೆ ನೋಡಿ!” ಎಂದಳು ಲತಾಮಣಿ. “ಕತ್ತಲಾಗ್ಲಿ, ಬೆಳಗಾಗ್ಲಿ, ಅವಳು ಬರ್ಬೇಕು. ನನ್ನ ಸಂಸಾರ ಹಾಳ್ ಮಾಡಿದೋಳು, ಮಣ್ಣು ಹಾಕಕ್ಕೂ ಬರಲ್ವಂತಾ?”

ಮಾಲಿನಿ ಎದ್ದು ಹೋಗಿ ಅಮ್ಮನ ರಟ್ಟೆ ಹಿಡಿದುಕೊಂಡಳು. “ಒಳಗೆ ಬಾರಮ್ಮ. ನಿನ್ನ ಹತ್ರ ಮಾತಾಡ್ಬೇಕು.”

“ಇಲ್ಲೇ ಹೇಳು.”

“ಆಯಮ್ಮ ಬರಲ್ಲ. ಸತ್ತು ಹನ್ನೊಂದು ವರ್ಷ ಆಯ್ತು.”

ಲತಾಮಣಿಗೆ ಅರ್ಥವಾಗಲಿಲ್ಲ. “ಮತ್ತೆ ಬರೀತಿದ್ದೋಳು?”

“ನಾನು ಕಣಮ್ಮ. ಎಲ್ಲಾ ನಾನೇ ಬರೆದಿದ್ದು. ಅಪ್ಪ ಒಂದು ಸಲ ಖುಷಿ ಪಡ್ಲಿ ಅಂತ ಬರೆದೆ. ಆಮೇಲೆ ನಿಲ್ಲಿಸಕ್ಕೆ ಆಗಲಿಲ್ಲ.”

“ಅಯ್ಯೋ ಮಗಾ...” ಎಂದ ಹುಚ್ಚಣ್ಣ. ಇಂದ್ರೇಶ್ ಗೋಡೆಯ ಕಡೆ ತಿರುಗಿಕೊಂಡ.

ಅಮ್ಮ ಕೆನ್ನೆಗೆ ಬಾರಿಸುತ್ತಾಳೆಂದು ಮಾಲಿನಿ ಕಾದಳು. ಬಾರಿಸಿದ್ದರೆ ಚೆನ್ನಾಗಿತ್ತು. ಲತಾಮಣಿ ಗೇಟಿನ ಸರಳು ಹಿಡಿದುಕೊಂಡು ಮಗಳ ಮುಖವನ್ನೇ ನೋಡುತ್ತಿದ್ದಳು.

“ಹಂಗಾದ್ರೆ ನಾನು ನಾಕು ವರ್ಷ ಯಾರ ಮೇಲೆ ಉರ್ಕಂಡಿದ್ದೆ?”

ಲತಾಮಣಿ ಸರಳು ಬಿಟ್ಟು ಚಟ್ಟದ ಕಡೆ ತಿರುಗಿದಳು.

“ನಿನ್ನೆ ಬೆಳಿಗ್ಗೆ ಚೀಲ ತಗಲಾಕ್ಕಂಡು ಅಡಿಗೆಮನೆ ಬಾಗಿಲಿಗೆ ಬಂದ್ರು. ಎದೆ ಯಾಕೋ ಹಿಡ್ಕಂತಾ ಇದೆ, ಒಸಿ ಉಜ್ತೀಯಾ ಅಂದ್ರು. ಎಷ್ಟೋ ದಿನ ಆದ್ಮೇಲೆ ಅವರಾಗಿ ಬಂದು ಮಾತಾಡಿದ್ರು. ನಾನು ತಿರುಗೂ ನೋಡಲಿಲ್ಲ. ಹೋಗಿ ಆ ವಿಮಲಾಕ್ಷಿಗೆ ಬರೀರಿ, ಅವಳೇ ಬಂದು ಉಜ್ಲಿ ಅಂದೆ.” ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಹೊರಟು ಹೋದ್ರು.”

ಮಾಲಿನಿ “ಅಮ್ಮಾ” ಎಂದು ಕೈ ಚಾಚಿದಳು. ಅಮ್ಮ ಆ ಕೈಯನ್ನು ಹಿಡಿಯಲಿಲ್ಲ, ತಳ್ಳಲೂ ಇಲ್ಲ. ಅವಳನ್ನು ದಾಟಿಕೊಂಡು ಚಟ್ಟದ ಹತ್ತಿರ ಹೋಗಿ ಕೂತಳು. ಬಿಳಿ ಬಟ್ಟೆಯ ಒಳಗೆ ಕೈ ತೂರಿಸಿ ಗಂಡನ ಎದೆಯನ್ನು ಉಜ್ಜತೊಡಗಿದಳು.

“ಇಲ್ಲೇನ್ರೀ?” ಎಂದು ಕೇಳಿದಳು. ಕೈಯನ್ನು ಸ್ವಲ್ಪ ಎಡಕ್ಕೆ ಸರಿಸಿ, “ಇಲ್ಲಿಯಾ?” ಎಂದಳು.

ಚಟ್ಟ ಎತ್ತಲು ಬಂದಿದ್ದ ನಾಲ್ವರೂ ಬಗ್ಗಿದವರು ಹಾಗೇ ನೆಟ್ಟಗಾಗಿ ಹಿಂದೆ ಸರಿದರು. ಹಾರಗಳು ಅವಳ ಕೈಗೆ ತೊಡರುತ್ತಿದ್ದವು. ಮಾಲಿನಿ ಎದುರು ಬದಿಯಲ್ಲಿ ಕೂತು, ಅವನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟು ಅಮ್ಮನ ಕೈಗೆ ಜಾಗ ಬಿಡಿಸಿಕೊಟ್ಟಳು.