ಮುಳ್ಳು ಏಳುವವರೆಗೆ

“ಎಪ್ಪತ್ತೆಂಟು... ಎಪ್ಪತ್ತೊಂಬತ್ತು... ನೋಡಿ ಮೇಷ್ಟ್ರೇ, ಬಾಯಿ ಬಿಡ್ತು!”

ಮೆಕ್ಯಾನಿಕ್ ಸ್ಟೌವ್ ಮೇಲಿನ ಪಾತ್ರೆಯೊಳಕ್ಕೆ ಬೆರಳು ತೋರಿಸಿದ. ತಂತಿ ಕಟ್ಟಿ ಬಿಸಿನೀರಿಗೆ ಇಳಿಬಿಟ್ಟಿದ್ದ ಹೊಸ ಥರ್ಮೋಸ್ಟಾಟಿನ ಕವಾಟ ಕೂದಲೆಳೆಯಷ್ಟು ಸರಿದಿತ್ತು. ಪಕ್ಕದಲ್ಲಿ ನೀರಿಗೆ ಅದ್ದಿದ್ದ ಥರ್ಮಾಮೀಟರ್ ಮೇಷ್ಟ್ರಾದ ಅವನೇ ತನ್ನ ಕಾಲೇಜಿನ ಲ್ಯಾಬಿನಿಂದ ತಂದದ್ದು.

ಇದರಲ್ಲಿ ಬೆರಗುಪಡುವಂಥದ್ದೇನೂ ಇರಲಿಲ್ಲ. ಒಳಗಿರುವ ಮೇಣ ಬಿಸಿಗೆ ಹಿಗ್ಗುತ್ತದೆ, ಕವಾಟವನ್ನು ತಳ್ಳುತ್ತದೆ. ಹತ್ತೊಂಬತ್ತು ವರ್ಷ ಶಾಖದ ಪಾಠ ಮಾಡಿದವನಿಗೆ ಅಷ್ಟೂ ಗೊತ್ತಿಲ್ಲವೆ? ಆದರೂ ಬಾಗಿ ನೋಡಿದ. ಹಬೆ ಕನ್ನಡಕಕ್ಕೆ ಕವಿಯಿತು. ಆ ಬಿಳುಪಿನೊಳಗೆ ಯಾರೋ ಕೆಮ್ಮಿದರು. ಅಣ್ಣನ ಕೆಮ್ಮು. ಕನ್ನಡಕ ಒರೆಸಿ ನೋಡಿದರೆ ಮೆಕ್ಯಾನಿಕ್ ಒಬ್ಬನೇ ಇದ್ದ. ಅವನು ಕೆಮ್ಮಿದಂತೆ ಕಾಣಲಿಲ್ಲ.

“ಇದನ್ನ ಆಗಲೇ ಹಾಕಿಸ್ಕೊಳ್ಳಿ ಅಂತ ನಿಮ್ಮಣ್ಣನ ಹತ್ರ ಬಡ್ಕೊಂಡೆ. ಕೇಳಿದ್ರೆ ತಾನೆ? ‘ಗುಡ್ಡ ಹತ್ತೋ ಗಾಡಿ ಕಣಯ್ಯಾ, ಇದಕ್ಕೆಲ್ಲಿಯ ಚಳಿ’ ಅಂದುಬಿಟ್ರು.”

ಅಣ್ಣ ಕಲ್ಲು ಕ್ವಾರಿಯ ಮೇಸ್ತ್ರಿ. ಹಿಂದೆ ಟ್ರೇಲರ್ ಕಟ್ಟಿಕೊಂಡು ದಿನಕ್ಕೆರಡು ಸಲ ಗುಡ್ಡ ಹತ್ತಿಸುತ್ತಿದ್ದ ಕಾರಿದು. ಏರಿನಲ್ಲಿ ಇಂಜಿನ್ ಆಯಿಲ್ ಕಾದು ನೀರಾಗುತ್ತದೆಂದು ಮುಂದಿನ ಬಂಪರಿನ ಹಿಂದೆ ತಾನೇ ಒಂದು ಆಯಿಲ್ ಕೂಲರ್ ಕೂರಿಸಿದ್ದ. ಗುಡ್ಡಕ್ಕೆ ಅದು ಸರಿಯೇ. ಆದರೆ ಚಳಿಗಾಲದ ಸಮ ರಸ್ತೆಯಲ್ಲಿ, ಆಯಿಲ್ ಬೆಚ್ಚಗಾಗುವ ಮೊದಲೇ ಕೂಲರ್ ಅದನ್ನು ತಣ್ಣಗೆ ಮಾಡಿ ವಾಪಸು ಕಳಿಸುತ್ತಿತ್ತು. ಆಯಿಲಿನ ಬಿಸಿ ತೋರಿಸುವ ಮೀಟರಿನ ಗಾಜಿನ ಮೇಲೆ, ಎಪ್ಪತ್ತರ ಹತ್ತಿರ, ಅಣ್ಣ ಒಂದು ಕೆಂಪು ಚುಕ್ಕೆ ಇಟ್ಟಿದ್ದ. ಅರ್ಧ ಗಂಟೆ ಓಡಿದರೂ ಮುಳ್ಳು ಐವತ್ತನ್ನು ದಾಟುತ್ತಿರಲಿಲ್ಲ.

“ಇದು ಹಾಕಿದ ಮೇಲೆ?”

“ಆಯಿಲ್ ಎಂಬತ್ತು ಡಿಗ್ರಿ ಆಗೋವರೆಗೂ ಕೂಲರಿನ ದಾರಿ ಮುಚ್ಚಿರುತ್ತೆ. ಕಾದ ಮೇಲೇನೇ ಬಿಡೋದು.”

“ಚುಕ್ಕೆಗೆ ಬರೋಕೆ ಎಷ್ಟು ಹೊತ್ತು?”

“ಎಂಟು ನಿಮಿಷ ಇಟ್ಕೊಳ್ಳಿ.”

ಎಂಟು ನಿಮಿಷ. ಅಂದರೆ ನೀರಿನ ಟ್ಯಾಂಕಿನ ತಿರುವು. ಅಲ್ಲಿಂದ ಆಸ್ಪತ್ರೆಗೆ ಹದಿನಾಲ್ಕು ಕಿಲೋಮೀಟರ್ ನೆಟ್ಟಗಿನ ರಸ್ತೆ. ನಲವತ್ತರ ಸ್ಪೀಡಿನಲ್ಲಿ ಇಪ್ಪತ್ತೊಂದು ನಿಮಿಷ, ಎಂಬತ್ತರಲ್ಲಿ ಹತ್ತೂವರೆ. ಬೇಡವೆಂದರೂ ಲೆಕ್ಕ ತಾನಾಗಿ ನಡೆಯಿತು.

“ಗುಡ್ಡ ಹತ್ತಿಸ್ತೀರಾ ಗಾಡೀನ?” ಮೆಕ್ಯಾನಿಕ್ ಪೈಪು ಕತ್ತರಿಸುತ್ತ ಕೇಳಿದ.

“ಇಲ್ಲ.”

“ಮತ್ತೆ? ಕೂಲರನ್ನೇ ಕಿತ್ತು ಗುಜರಿಗೆ ಹಾಕಿದ್ರೆ ಮುಗೀತಿತ್ತಲ್ಲ! ಓದಿದವರ ಬುದ್ಧಿ ನೋಡಿ.”

“ಅಣ್ಣ ಹಾಕಿದ್ದು,” ಎಂದ. ಮೆಕ್ಯಾನಿಕ್ ಇನ್ನೊಂದು ಪೈಪು ಕೈಗೆತ್ತಿಕೊಂಡ.

ಹದಿನೆಂಟರ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಅವನು ಅಣ್ಣನ ಗಾಡಿ ಸ್ಟಾರ್ಟ್ ಮಾಡಿದವನೇ ಆಕ್ಸಿಲರೇಟರ್ ತುಳಿದಿದ್ದ. ಅಣ್ಣ ಕಿಟಕಿಯೊಳಗೆ ಕೈ ಹಾಕಿ ಕೆನ್ನೆಗೆ ಬಾರಿಸಿದ್ದ. “ತಣ್ಣಗಿರೋ ಇಂಜಿನ್ನ ತುಳಿಯೋದೂ ಒಂದೇ, ಮಲಗಿದವನ ಎದೆ ಮೇಲೆ ನಿಲ್ಲೋದೂ ಒಂದೇ. ಮುಳ್ಳು ಏಳೋವರೆಗೂ ಸ್ಪೀಡು ನಲವತ್ತು ದಾಟಕೂಡದು.” ಅಂದಿನಿಂದ ಅವನು ದಾಟಲಿಲ್ಲ. ಅಣ್ಣ ಮೆಚ್ಚಿ ‘ನಿಧಾನಿ’ ಎಂದು ಹೆಸರಿಟ್ಟ. ಸ್ವತಃ ಅಣ್ಣನೇ ಎಷ್ಟೋ ಸಲ ದಾಟುತ್ತಿದ್ದ, ನಗುತ್ತಿದ್ದ.

ಹೋದ ವರ್ಷ, ಇದೇ ಚಳಿಯಲ್ಲಿ, ಅಣ್ಣ ಎದೆ ಹಿಡಿದುಕೊಂಡು ಕುಸಿದ. ಹಿಂದಿನ ಸೀಟಿನಲ್ಲಿ ಅತ್ತಿಗೆಯ ತೊಡೆಯ ಮೇಲೆ ಅಣ್ಣನ ತಲೆ. ಇವನು ಸ್ಟೀರಿಂಗ್ ಹಿಡಿದಿದ್ದ. ರಸ್ತೆ ಖಾಲಿ, ಆಕಾಶ ಗಾಜಿನಷ್ಟು ತಿಳಿ. ಆಸ್ಪತ್ರೆಯ ಗೇಟಿನಲ್ಲಿ ಬ್ರೇಕು ಒತ್ತಿದಾಗಷ್ಟೇ ಅವನಿಗೆ ತಾನು ಬಂದದ್ದು ಹೇಗೆಂದು ತಿಳಿಯಿತು. ಉದ್ದಕ್ಕೂ ನಲವತ್ತರಲ್ಲಿ ಬಂದಿದ್ದ. ಉದ್ದಕ್ಕೂ ಮುಳ್ಳನ್ನೇ ನೋಡಿಕೊಂಡು ಬಂದಿದ್ದ.

“ಒಂದು ಹತ್ತು ನಿಮಿಷ ಮುಂಚೆ ತಂದಿದ್ರೆ...” ಎಂದಿದ್ದರು ಡಾಕ್ಟರು, ಅವನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು.

ಮನೆಗೆ ಬಂದ ನೆಂಟರಿಗೆಲ್ಲ ಅವನು ಹೇಳಿದ್ದು ಒಂದೇ ಮಾತು: “ದಾರಿಯಲ್ಲಿ ಮಂಜು.” ಅತ್ತಿಗೆ ಅಲ್ಲೇ ಗೋಡೆಗೊರಗಿ ಕೂತಿದ್ದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಇಂದು ಅವರು ಅದೇ ಆಸ್ಪತ್ರೆಗೆ ಕಣ್ಣು ತೋರಿಸಲು ಹೋಗಬೇಕು. ಬಸ್ಸಿಗೆ ಹೋಗುತ್ತೇನೆ ಎಂದವರನ್ನು ನಾನೇ ಬಿಡುತ್ತೇನೆ ಎಂದು ತಡೆದಿದ್ದ. ಯಾಕೆ ತಡೆದೆನೆಂದು ಅವನಿಗೇ ಗೊತ್ತಿರಲಿಲ್ಲ. ದಾರಿಯಲ್ಲಿ ಹೇಳಿಬಿಡಬೇಕು. ಅಷ್ಟು ಮಾತ್ರ ಗೊತ್ತಿತ್ತು.

ಕಾರು ಮನೆ ಮುಂದೆ ಒಂದೆರಡು ಗಂಟೆ ನಿಂತು ಮತ್ತೆ ತಣ್ಣಗಾಗಿತ್ತು. ಹತ್ತು ಗಂಟೆಯಾದರೂ ಮಂಜು ಬಿಟ್ಟಿರಲಿಲ್ಲ. ಅತ್ತಿಗೆ ಹಿಂದಿನ ಬಾಗಿಲಿಗೆ ಕೈಯಿಟ್ಟವರು, ಬಿಟ್ಟು, ಮುಂದೆ ಬಂದು ಅವನ ಪಕ್ಕ ಕೂತರು.

“ರಿಪೇರಿ ಆಯ್ತಾ?”

“ರಿಪೇರಿ ಏನಿಲ್ಲ. ಒಂದು ಸಣ್ಣ ಸಾಮಾನು.”

“ಏನಕ್ಕದು?”

“ಆಯಿಲ್ ಬೇಗ ಬಿಸಿಯಾಗುತ್ತೆ.”

“ಓ,” ಎಂದರು. ಸೆರಗು ಹೊದ್ದುಕೊಂಡರು. ಕಾರು ಹೊರಟು ರಸ್ತೆಗೆ ಬಂದ ಮೇಲೆ, “ಇವತ್ತು ಮಂಜಿದೆ,” ಎಂದರು.

ಇವತ್ತು ಎಂಬ ಆ ಮಾತನ್ನು ಅವರು ಒತ್ತಿ ಹೇಳಿದರೋ, ಸುಮ್ಮನೆ ಹೇಳಿದರೋ? ತಿರುಗಿ ಮುಖ ನೋಡುವ ಧೈರ್ಯವಾಗಲಿಲ್ಲ. ಕನ್ನಡಿಯಲ್ಲಿ ನೋಡಿದ. ಅದು ಇನ್ನೂ ಅಣ್ಣನ ಎತ್ತರಕ್ಕೇ ತಿರುಗಿಕೊಂಡಿತ್ತು. ಅದರಲ್ಲಿ ಖಾಲಿ ಹಿಂದಿನ ಸೀಟು ಮಾತ್ರ ಕಂಡಿತು.

“ಅತ್ತಿಗೆ...”

“ಏನಪ್ಪಾ?”

“ಚಳಿಯಾದ್ರೆ ಗಾಜು ಏರಿಸ್ಕೊಳ್ಳಿ.”

“ಏರಿಸೇ ಇದೆಯಲ್ಲ.”

ಐವತ್ತು. ಅರವತ್ತು. ಒಂದು ವರ್ಷ ಸತ್ತಂತಿದ್ದ ಮುಳ್ಳು ಏನೂ ಆಗೇ ಇಲ್ಲವೆಂಬಂತೆ ಸಲೀಸಾಗಿ ಏಳುತ್ತಿತ್ತು. ಮಂಜಿನಿಂದ ನೀರಿನ ಟ್ಯಾಂಕು ಹೊರಬಂತು, ಅದರ ಪಕ್ಕದ ತಿರುವು ಬಂತು.

“ಮುಳ್ಳು ಬಂತು,” ಎಂದರು ಅತ್ತಿಗೆ. ಕೆಂಪು ಚುಕ್ಕೆಯನ್ನೇ ನೋಡುತ್ತಿದ್ದರು. “ಇನ್ನು ತುಳೀಬಹುದು ಅಲ್ವಾ? ನಿಮ್ಮಣ್ಣ ಹಾಗೇ ಹೇಳ್ತಿದ್ರು.”

ಪಾದ ಪೆಡಲಿನ ಮೇಲೆಯೇ ಇತ್ತು. ಒತ್ತಿದ. ಒತ್ತಿದೆನೆಂದುಕೊಂಡ. ಕಾರು ನಲವತ್ತರಲ್ಲೇ ಹೋಗುತ್ತಿತ್ತು. ಹಿಂದಿನಿಂದ ಬಂದ ಲಾರಿಯೊಂದು ಬೈಯುತ್ತ ದಾಟಿಹೋಯಿತು.

ಕಾರನ್ನು ರಸ್ತೆಯ ಬದಿಗಿಳಿಸಿ ನಿಲ್ಲಿಸಿದ. “ಪೈಪು ಸೋರ್ತಿದೆಯೇನೋ, ನೋಡ್ತೀನಿ,” ಎಂದು ಇಂಜಿನ್ ಆರಿಸದೆ ಇಳಿದ.

ಕಾರಿನ ಮುಂದೆ ಮಂಡಿಯೂರಿ, ಬಂಪರಿನ ಸಂದಿಯಲ್ಲಿ ಕೈ ತೂರಿಸಿದ. ಏನೂ ಸೋರುತ್ತಿರಲಿಲ್ಲ. ಅಂಗೈ ಕೂಲರಿಗೆ ತಾಗಿತು. ಬಾನೆಟ್ಟಿನಡಿ ಇಂಜಿನ್ ಬೆಚ್ಚಗೆ ಉಸಿರಾಡುತ್ತಿತ್ತು. ಅಣ್ಣ ಕೂರಿಸಿದ್ದ ಕೂಲರ್ ಮಾತ್ರ ತಣ್ಣಗಿತ್ತು. ಆಸ್ಪತ್ರೆಯ ಗೇಟಿನಲ್ಲಿ ಹಿಂದಿನ ಬಾಗಿಲು ತೆಗೆದು ಅಣ್ಣನ ಹಣೆ ಮುಟ್ಟಿದಾಗ ಇದ್ದಷ್ಟೇ ತಣ್ಣಗೆ.

ಇನ್ನು ಹತ್ತು ಡಿಗ್ರಿ. ಆಮೇಲೆ ಕವಾಟ ಬಾಯಿ ಬಿಡುತ್ತದೆ, ಬಿಸಿ ಇಲ್ಲಿಗೂ ಬರುತ್ತದೆ. ನಿಂತ ಗಾಡಿಯ ಆಯಿಲ್ ಈ ಚಳಿಯಲ್ಲಿ ಎಂಬತ್ತಕ್ಕೆ ಏರುವುದಿಲ್ಲವೆಂದು ಯಾವ ವಿದ್ಯಾರ್ಥಿಯಾದರೂ ಹೇಳಿಯಾನು. ಅವನು ಕೈ ತೆಗೆಯಲಿಲ್ಲ.

ಮೇಲೆ ಗಾಜಿನ ಹಿಂದೆ ಅತ್ತಿಗೆಯ ಮುಖ ಮಸುಕಾಗುತ್ತ ಬಂತು. ಅವರು ಒಳಗಿನಿಂದ ಗಾಜು ಒರೆಸಲಿಲ್ಲ. ಸ್ವಲ್ಪ ಹೊತ್ತಿಗೆ ಕಾರಿನ ಹಾರ್ನ್ ಆಯಿತು, ಎರಡು ಸಲ, ಚಿಕ್ಕದಾಗಿ. ನಿಧಾನಿಯನ್ನು ಅಣ್ಣ ಮನೆಯಿಂದ ಹೊರಗೆ ಕರೆಯುತ್ತಿದ್ದ ಹಾಗೆ.

ಅವನು ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದ.