ಕೊಲ್ಲದ ಕಣಗಳು

"ನನ್ನ ಕೊಲೆಗಾರರನ್ನ ಕೊಂದವಳು ನೀನೇ ಕಣೇ," ಎಂದು ದಲೆಂದಾ ಮೇಡಂ ಎಲ್ಲರೆದುರು ಹೇಳಿದರು. ದನಿ ಏರಿರಲಿಲ್ಲ. ಟುನೀಸಿಯಾದ ಸ್ಫಾಕ್ಸ್ ಊರಿನ ಆ ಪ್ರಯೋಗಾಲಯದಲ್ಲಿ ಅವರು ಮೆಲ್ಲಗೆ ಬೈದರೇ ಕೇಡು ಜಾಸ್ತಿ.

ಅಫೆಫ್ ನೆಲ ನೋಡಿದಳು. "ಸತ್ತಿಲ್ಲ ಮೇಡಂ, ಬದುಕಿವೆ. ಕೊಲ್ತಾ ಇಲ್ಲ, ಅಷ್ಟೆ."

"ಕೊಲ್ಲದ ಕೊಲೆಗಾರರನ್ನ ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?"

ಪಕ್ಕದ ಮೇಜಿನ ವಜ್ದಿ ಕಿಸಕ್ಕನೆ ನಕ್ಕ.

ಮೇಡಂ ಕೊಲೆಗಾರರೆಂದದ್ದು ಗಾಜಿನ ತಟ್ಟೆಯಲ್ಲಿ ಸಾಕಿದ ಬಿಳಿ ರಕ್ತಕಣಗಳನ್ನು. ರಕ್ತದಲ್ಲಿ ಓಡಾಡುವ ಈ ಕಣಗಳು ಪರಕೀಯವಾದದ್ದನ್ನು ಕಂಡರೆ ಕೊಂದೇ ಬಿಡುವ ಜಾತಿಯವು. ಅವುಗಳ ಬಳಗವೇ ಬಸಿರಾದ ಗರ್ಭಕೋಶದಲ್ಲೂ ಇರುತ್ತದೆ. ಅಲ್ಲಿ ಮಾತ್ರ ಸುತ್ತಲಿನ ಒಳಪದರ ಹೊರಡಿಸುವ ಸಂಕೇತದ ಅಣುಗಳು ಅವುಗಳ ಸ್ವಭಾವವನ್ನೇ ತಿದ್ದಿ, ಕತ್ತಿ ಕಸಿದುಕೊಂಡು, ಕೂಸಿಗೆ ರಕ್ತ ಹರಿಯುವ ದಾರಿ ಅಗಲ ಮಾಡುವ ಚಾಕರಿಗೆ ಹಚ್ಚುತ್ತವೆ. ಅಫೆಫ್‌ಳ ಡಾಕ್ಟರೇಟು ನಿಂತಿದ್ದದ್ದು ಇದರ ಮೇಲೆ. ಒಂದು ತಟ್ಟೆಯಲ್ಲಿ ಕಣಗಳಿಗೆ ಆ ಸಂಕೇತ ಹಾಕಬೇಕು, ಇನ್ನೊಂದರಲ್ಲಿ ಹಾಕಬಾರದು. ಹಾಕದ ಕಡೆ ಅವು ಎದುರಿಗಿಟ್ಟ ಕ್ಯಾನ್ಸರ್ ಕಣಗಳನ್ನು ಕೊಲ್ಲಬೇಕು. ಈ ಸಲ ಅಲ್ಲೂ ಸುಮ್ಮನೆ ಕೂತಿದ್ದವು.

"ಕೈ ಕೊಳಕು, ಇಲ್ಲಾ ತಲೆ ಕೊಳಕು," ಎಂದರು ಮೇಡಂ. "ಇನ್ನೊಂದ್ಸಲ ಮಾಡು. ಹೀಗೇ ಆದ್ರೆ ನಿನ್ನ ಜಾಗಕ್ಕೆ ಬೇರೆಯವರು ಬರ್ತಾರೆ. ಡಾಕ್ಟರೇಟನ್ನ ಮನೇಲಿ ಕುಸ್‌ಕುಸ್ ಬೇಯಿಸ್ತಾ ಮುಗಿಸ್ಕೊ."

ಮಧ್ಯಾಹ್ನ ವಜ್ದಿ ಟ್ಯೂನಾ ಮೀನು, ಹರೀಸಾ ಖಾರ ತುಂಬಿದ ಬ್ರೆಡ್ ಬಿಚ್ಚಿದ. ದಿನಾ ಬಿಚ್ಚುವುದೇ. ಆದರೆ ಅಂದು ಆ ವಾಸನೆಗೆ ಅಫೆಫ್‌ಳ ಹೊಟ್ಟೆ ಗಂಟಲಿಗೆ ಬಂತು. ಬಾಯಿಗೆ ಕೈಯಿಟ್ಟು ಓಡಿದಳು.

"ನನ್ನ ಮುಖ ಅಷ್ಟು ಕೆಟ್ಟದಾಗಿದ್ಯೇನೇ?" ಎಂದು ಅವನು ಹಿಂದಿನಿಂದ ಕೂಗಿದ.

ಕೈತೊಳೆಯುವ ತೊಟ್ಟಿಯ ಅಂಚು ಹಿಡಿದು ನಿಂತಾಗ ಮೊದಲು ಬಂದದ್ದು ಸಂತೋಷವಲ್ಲ, ಹೆದರಿಕೆ. ಹೋದ ವರ್ಷ ಹೀಗೇ ಆಗಿ, ಎಲ್ಲರಿಗೂ ಹೇಳಿ, ಮೂರನೇ ತಿಂಗಳಲ್ಲಿ ಬಸಿರು ಇಳಿದುಹೋಗಿತ್ತು. "ರಜಕ್ಕೆ ಒಳ್ಳೇ ನೆಪ" ಎಂದಿದ್ದರು ಮೇಡಂ. ಸಂಜೆ ಔಷಧಿ ಅಂಗಡಿಯಿಂದ ತಂದ ಬಸಿರು ಪರೀಕ್ಷೆಯ ಪಟ್ಟಿ ಎರಡು ಗೆರೆ ತೋರಿಸಿತು. ಆ ಗೆರೆಗಳನ್ನು ನೋಡುತ್ತಿರುವಾಗಲೇ ತಟ್ಟೆಯ ಒಗಟು ತಾನಾಗಿ ಬಿಡಿಸಿಕೊಂಡಿತು.

ಕಣಗಳಿಗೆ ಉಣಿಸುವ ಸೀರಮ್, ಅಂದರೆ ರಕ್ತದ ತಿಳಿ, ಗಂಡಸಿನ ರಕ್ತದಿಂದಲೇ ತೆಗೆದದ್ದಿರಬೇಕು ಎಂಬುದು ಹಳೆಯ ನಿಯಮ. ಹೊರದೇಶದ ಸರಕು ಬಂದರಿನಲ್ಲೇ ಕೊಳೆಯುತ್ತಿದ್ದುದರಿಂದ ಎಲ್ಲರೂ ಸರದಿಯಂತೆ ತಮ್ಮ ರಕ್ತವನ್ನೇ ಕೊಡುತ್ತಿದ್ದರು. "ರಕ್ತಕ್ಕೆ ಗಂಡೇನು, ಹೆಣ್ಣೇನು" ಎಂದವರು ಮೇಡಂ. ಈ ಸಲದ ಸರದಿ ಅಫೆಫ್‌ಳದು. ಬಸಿರ ಸಂಕೇತಗಳು ಅವಳ ರಕ್ತದೊಡನೆ ಎರಡೂ ತಟ್ಟೆಗೆ ಇಳಿದಿದ್ದವು.

ಮರುದಿನ ವಜ್ದಿಯ ಮುಂದೆ ಸೂಜಿ ಹಿಡಿದಳು. "ನಿನ್ನ ರಕ್ತ ಬೇಕು. ಗಂಡಸಿಂದೇ ಆಗಬೇಕಂತೆ."

"ಅಬ್ಬ, ಕೊನೆಗೂ ಒಬ್ಬಳು ಒಪ್ಕೊಂಡಳು," ಎಂದು ಅವನು ತೋಳು ಚಾಚಿದ.

ಅವನ ಸೀರಮ್‌ನಲ್ಲಿ ಬೆಳೆದ ಕಣಗಳು ಎದುರಿದ್ದವನ್ನೆಲ್ಲ ಗುಡಿಸಿ ಹಾಕಿದವು. ಅವಳದ್ದರಲ್ಲಿ ಬೆಳೆದವು ಹೊಟ್ಟೆ ತುಂಬಿದ ಬೆಕ್ಕಿನಂತೆ ಮಲಗಿದ್ದವು. ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ, ತಟ್ಟೆಯ ಮೇಲೆ ಬರೆದ ಅಫೆಫ್‌ಳ ಹೆಸರು ಓದಿದರು.

"ಎಷ್ಟು ತಿಂಗಳು?"

ಅಫೆಫ್ ತನ್ನ ತಟ್ಟೆಗೆ ಮುಚ್ಚಳ ಹಾಕಿದಳು.

"ಸರಿ, ಪುಟ್ಟಿ. ವಾರ ವಾರ ರಕ್ತ ಕೊಡು. ಇಂಥ ಸೀರಮ್ ದುಡ್ಡು ಕೊಟ್ರೂ ಸಿಗಲ್ಲ. ಹೋದ್ಸಲದ ಹಾಗೆ ಆಗೋ ಮುಂಚೆ ತೆಗೆದಿಟ್ಕೊಳ್ಳೋಣ."

ಪುಟ್ಟಿ ಎಂದು ಅವರು ಕರೆದದ್ದು ಅದೇ ಮೊದಲು. ಅಫೆಫ್‌ಳ ಕಿವಿ ಬಿಸಿಯಾಯಿತು.

"ಮೊದಲು ತಪ್ಪು ಯಾರದು ಅಂತ ಹೇಳಿ ಮೇಡಂ. ವಜ್ದಿ ಕೇಳಿಸ್ಕೊಳ್ಳೋ ಹಾಗೆ."

ಮೇಡಂ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡಿಕೊಂಡರು. "ನಿನ್ನ ಕೈಯದಲ್ಲ. ನಿಯಮ ಬಿಟ್ಟವಳು ನಾನು. ಸಾಕಾ?"

"ನನ್ನ ಜಾಗ?"

"ನಿಂದೇ. ತೋಳು ಕೊಡು."

ಅಫೆಫ್ ತನ್ನ ಹೆಸರು ಬರೆದ ಸೀರಮ್ ಶೀಶೆಯನ್ನು ಫ್ರಿಜ್ಜಿನಿಂದ ತೆಗೆದು, ಬ್ಲೀಚ್ ಡಬ್ಬಕ್ಕೆ ಕೊನೆಯ ಹನಿಯವರೆಗೆ ಸುರಿದಳು. ಆಮೇಲೆ ನಿಲುವಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿದಳು.

"ಮೇಡಂ, ವಜ್ದಿ ರಕ್ತ ಇನ್ನೂ ಬೇಕಾದಷ್ಟಿದೆ," ಎಂದಳು.